ಕಾರವಾರದ ನಾಯಿ, ಇಟಲಿಯ ಚಳಿ, ಕಾರ್ನಿವಲ್: ಗೊತ್ತಿದ್ದವರು ಹೇಳಿ

ಕಾಳಿ ದಂಡೆ:

ಎಲ್ಲರಿಗೂ ನಮಸ್ಕಾರ. ನಾವು ಕಾರವಾರದವರು. ಹೆಂಡತಿಗೆ ಇಟಲಿಯ ಬೊಲೊನ್ಯಾದಲ್ಲಿ ಕೆಲಸ ಸಿಕ್ಕಿ ಅವಳು ಆಗಲೇ ಅಲ್ಲಿಗೆ ಹೋಗಿದ್ದಾಳೆ. 2027ರ ಜನವರಿ ಹೊತ್ತಿಗೆ ನಾನೂ ಹೋಗಬೇಕು, ನಮ್ಮ ಕೆಂಚನನ್ನು ಕರೆದುಕೊಂಡು. ಕೆಂಚ ಊರ ನಾಯಿ. ಕೆಂಪು ಮೈ, ಗಿಡ್ಡ ಕೂದಲು, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿಕೊಂಡು. ಹುಟ್ಟಿ ಬೆಳೆದದ್ದು ಬಲೆ ಒಣಗಿಸುವ ಜಾಗದ ಬದಿಗೆ. ಡಿಸೆಂಬರಿನಲ್ಲಿ ಬೆಳಗಿನ ಹೊತ್ತು ಸ್ವಲ್ಪ ಥಂಡಿ ಗಾಳಿ ಬಂತೆಂದರೆ ಬಚ್ಚಲ ಒಲೆಯ ಬೂದಿ ಬಿಟ್ಟು ಏಳುವುದಿಲ್ಲ.

ಹೆಂಡತಿ ಇರುವ ಮನೆಯ ಓನರ್ ವಯಸ್ಸಾದ ಹೆಂಗಸು. ವಿಡಿಯೋ ಕಾಲಿನಲ್ಲಿ ಕೆಂಚನನ್ನು ನೋಡಿ ಅವರಿಗೆ ಬಹಳ ಖುಷಿ ಆಗಿದೆ, ಜೊತೆಗೆ ಚಿಂತೆಯೂ ಆಗಿದೆ. ಜನವರಿಯ ಕೊನೆಯ ಮೂರು ದಿನ ಕಪ್ಪು ಹಕ್ಕಿಯ ದಿನ, ವರ್ಷದಲ್ಲೇ ಜಾಸ್ತಿ ಚಳಿ, ಆಗ ಇವನನ್ನು ಹೊರಗೆ ಬಿಡಲೇಬೇಡಿ ಅಂದರಂತೆ. ಫೆಬ್ರವರಿ 2ಕ್ಕೆ ಮಳೆ ಬಂದರೆ ಚಳಿ ಮುಗಿದ ಹಾಗೆ, ಬಿಸಿಲು ಬಂದರೆ ಇನ್ನೂ ಇದೆ ಅಂತಲೂ ಹೇಳಿದ್ದಾರೆ. ಅದಾದ ಮೇಲೆ ಕಾರ್ನಿವಲ್, ಅಂದರೆ ಈಸ್ಟರ್ ಮುಂಚಿನ ಉಪವಾಸ ಶುರುವಾಗುವ ಮೊದಲು ವೇಷ, ಮುಖವಾಡ ಹಾಕಿ ಮಾಡುವ ಹಬ್ಬ, ಅದಕ್ಕೆ ನಾಯಿಗೂ ವೇಷ ಹಾಕಿ ಎಲ್ಲರೂ ಹೋಗೋಣ ಅಂತ ಅವರ ಆಸೆ.

ಇದರಲ್ಲಿ ನಿಜ ಎಷ್ಟು, ನಂಬಿಕೆ ಎಷ್ಟು? ಕರಾವಳಿಯ ನಾಯಿ ಆ ಚಳಿಯನ್ನು ತಡೆಯುತ್ತದೆಯೇ? ಕಾರ್ನಿವಲ್‌ಗೆ ಕರೆದುಕೊಂಡು ಹೋಗಬಹುದೇ, ಅಥವಾ ಆ ದಿನ ಮನೆಯಲ್ಲೇ ಬಿಡುವುದು ಒಳ್ಳೆಯದೇ? ಅವನನ್ನು ಇಲ್ಲಿ ಯಾರ ಹತ್ತಿರವೋ ಬಿಟ್ಟು ಹೋಗುವ ಮಾತೇ ಇಲ್ಲ, ಅದೊಂದು ಬಿಟ್ಟು ಏನು ಬೇಕಾದರೂ ಹೇಳಿ.


ಬನವಾಸಿ ರಸ್ತೆ:

ಊರು ಶಿರಸಿ, ಈಗ ಇರುವುದು ಮೊದೆನಾದಲ್ಲಿ, ಅಂದರೆ ನಿಮ್ಮ ಬೊಲೊನ್ಯಾದ ಪಕ್ಕದ ಊರು. ನಮ್ಮ ಮನೆಯಲ್ಲೂ ನಾಯಿ ಇದೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಆ ಅಜ್ಜಿ ಹೇಳಿದ್ದು ಇಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಜನವರಿ 29, 30, 31 ಮೆರ್ಲಾ, ಅಂದರೆ ಆ ಕಪ್ಪು ಹಕ್ಕಿಯ ದಿನಗಳು. ಕಥೆ ಹೀಗಿದೆ. ಆ ಹಕ್ಕಿ ಮೊದಲು ಬೆಳ್ಳಗಿತ್ತಂತೆ. ಜನವರಿಗೆ ಆಗ 28 ದಿನ ಮಾತ್ರ. ಹಕ್ಕಿ ತಿಂಗಳು ಪೂರ್ತಿ ಗೂಡಿನಲ್ಲೇ ಕೂತು, 28 ಮುಗಿದ ತಕ್ಷಣ ಹೊರಗೆ ಬಂದು, ನೋಡು ನಿನ್ನ ಚಳಿ ನನಗೇನೂ ಮಾಡಲಿಲ್ಲ ಅಂತ ಜನವರಿಯನ್ನು ಹಂಗಿಸಿತು. ಜನವರಿಗೆ ಸಿಟ್ಟು ಬಂತು. ಫೆಬ್ರವರಿಯಿಂದ ಮೂರು ದಿನ ಕಡ ತಂದು, ಹಿಮ, ಗಾಳಿ ಎಲ್ಲಾ ಒಟ್ಟಿಗೆ ಸುರಿಯಿತು. ಹಕ್ಕಿ ಹೋಗಿ ಒಂದು ಮನೆಯ ಹೊಗೆಗೂಡಿನಲ್ಲಿ ಅಡಗಿತು, ಫೆಬ್ರವರಿ 1ಕ್ಕೆ ಹೊರಗೆ ಬಂದಾಗ ಮೈಯೆಲ್ಲಾ ಮಸಿ. ಅವತ್ತಿನಿಂದ ಅದರ ಬಣ್ಣ ಕಪ್ಪು. ನಿಮ್ಮ ಕೆಂಚ ಬಚ್ಚಲ ಒಲೆ ಬಿಟ್ಟು ಏಳುವುದಿಲ್ಲ ಅಂದಿರಲ್ಲ, ಅದನ್ನು ಆ ಅಜ್ಜಿಗೆ ಹೇಳಿ, ಈ ಕಥೆ ಪೂರ್ತಿ ಹೇಳಿಯೇ ಬಿಡುತ್ತಾರೆ. ಅಂದ ಹಾಗೆ, ಪೂರ್ತಿ ಕಪ್ಪು ಇರುವುದು ಗಂಡು ಹಕ್ಕಿ, ಹೆಣ್ಣಿನ ಮೈ ಕಂದು.

ನಂಬಿಕೆಯ ಇನ್ನೊಂದು ಭಾಗವೂ ಇದೆ. ಈ ಮೂರು ದಿನ ಚಳಿ ಜೋರಿದ್ದರೆ ವಸಂತ ಚೆನ್ನಾಗಿ ಬರುತ್ತದೆ, ಬೆಚ್ಚಗಿದ್ದರೆ ತಡವಾಗುತ್ತದೆ. ಫೆಬ್ರವರಿ 2ರ ಮಾತೂ ಹೀಗೇ. ಅದು ಕ್ರಿಸ್‌ಮಸ್ ಆಗಿ 40ನೇ ದಿನದ ಹಬ್ಬ, ಚರ್ಚಿನಲ್ಲಿ ಮೇಣದ ಬತ್ತಿಗೆ ಆಶೀರ್ವಾದ ಮಾಡಿಸುತ್ತಾರೆ, ಹೆಸರು ಕಂದೆಲೋರಾ. ಬೊಲೊನ್ಯಾ ಕಡೆಯವರು ಅವತ್ತು ಮಳೆ ಬಂದರೆ ಚಳಿ ಮುಗಿಯಿತು ಅನ್ನುತ್ತಾರೆ. ಇಟಲಿಯ ಈಶಾನ್ಯ ಮೂಲೆಯ ತ್ರಿಯೆಸ್ತೆ ಊರಿಗೆ ಹೋಗಿ ಕೇಳಿ, ಸರಿಯಾಗಿ ಇದರ ಉಲ್ಟಾ. ಬಿಸಿಲೂ ಬೋರಾ ಗಾಳಿಯೂ ಇದ್ದರೆ ಚಳಿ ಹೋಯಿತು, ಮಳೆ ಬಂದರೆ ಇನ್ನೂ ಚಳಿಯ ಒಳಗೇ ಇದ್ದೇವೆ ಅಂತ. ಬೋರಾ ಅಂದರೆ ಅಲ್ಲಿ ಬೀಸುವ ಒಣ ಥಂಡಿ ಗಾಳಿ, ಜೋರಾದಾಗ ಗಂಟೆಗೆ 100 ಕಿಲೋಮೀಟರ್ ದಾಟುತ್ತದೆ, ದಾರಿಯಲ್ಲಿ ಹಿಡಿದುಕೊಳ್ಳಲು ಹಗ್ಗ ಕಟ್ಟುತ್ತಿದ್ದ ಊರು ಅದು. ಆಯಾ ಊರಿನ ಗಾಳಿ ನೋಡಿ ಆಯಾ ಊರಿನವರು ಕಟ್ಟಿದ ಮಾತು ಇವೆಲ್ಲಾ. ನಮ್ಮಲ್ಲಿ ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಓಡಿ ಹೋಗುತ್ತದೆ ಅನ್ನುವುದಿಲ್ಲವೇ? ಹಾಗಂತ ಶಿವರಾತ್ರಿ ಮರುದಿನ ಶಿರಸಿಯಲ್ಲಿ ಯಾರೂ ಕಂಬಳಿ ಮಡಚಿ ಇಡುವುದಿಲ್ಲ.

ಲೆಕ್ಕ ನೋಡಿದರೆ ಈ ಮೂರು ದಿನವೇ ಪ್ರತಿ ವರ್ಷ ಹೆಚ್ಚು ಚಳಿ ಅಂತೇನೂ ಇಲ್ಲ, ಕೆಲವು ವರ್ಷ ಬೆಚ್ಚಗೇ ಇರುತ್ತದೆ. ಆದರೆ ಜನವರಿ ಪೂರ್ತಿ ಇಲ್ಲಿ ರಾತ್ರಿ ಸೊನ್ನೆ ಡಿಗ್ರಿಯ ಆಸುಪಾಸು, ಮಧ್ಯಾಹ್ನ 5ರಿಂದ 7. ಪೋ ನದಿಯ ಬಯಲು ಆದ್ದರಿಂದ ಮಂಜು ಕೂತರೆ ಏಳುವುದೇ ಇಲ್ಲ. ಹಾಗಾಗಿ ಆ ಮೂರು ದಿನಕ್ಕೆ ಮಾತ್ರ ಹೆದರಬೇಡಿ, ಡಿಸೆಂಬರಿನಿಂದ ಫೆಬ್ರವರಿ ಮಧ್ಯದವರೆಗೆ ತಯಾರಿ ಇರಲಿ.

ಒಂದು ಅನುಕೂಲ ಹೇಳುತ್ತೇನೆ. ಬೊಲೊನ್ಯಾದಲ್ಲಿ ಪೋರ್ತಿಕೋ ಅಂತ ಇದೆ, ದಾರಿ ಬದಿಯ ಮನೆಗಳ ಕೆಳಗೆ ಕಂಬಗಳ ಮೇಲೆ ನಿಂತ ಮಾಡು. ಊರೆಲ್ಲಾ ಸೇರಿ 60 ಕಿಲೋಮೀಟರಿಗೂ ಜಾಸ್ತಿ, 2021ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದೆ. ಮಳೆ ಬರಲಿ ಹಿಮ ಬೀಳಲಿ, ನಾಯಿಯ ಕಾಲು ಒದ್ದೆ ಆಗದ ಹಾಗೆ ಬಹಳ ದೂರ ನಡೆಸಬಹುದು. ಸಾನ್ ಲೂಕಾ ಬೆಟ್ಟಕ್ಕೆ ಹತ್ತುವ ಪೋರ್ತಿಕೋ ಒಂದೇ 4 ಕಿಲೋಮೀಟರಿನಷ್ಟಿದೆ, 666 ಕಮಾನು. ಬೆಳಿಗ್ಗೆ ಅಲ್ಲಿ ನಾಯಿ ಕರೆದುಕೊಂಡು ಬಂದವರೇ ಜಾಸ್ತಿ ಸಿಗುತ್ತಾರೆ.

ಇನ್ನು ಹಬ್ಬ. ಕೆಂಚನಿಗಾಗಿಯೇ ಒಂದು ದಿನ ಇದೆ, ಅದು ಕಾರ್ನಿವಲ್ ಅಲ್ಲ. ಜನವರಿ 17, ಸಂತ ಅಂತೋನಿಯೋ ಅಬಾತೆಯ ದಿನ. ಪ್ರಾಣಿಗಳನ್ನು ಕಾಯುವ ಸಂತ ಅವನು, ಚಿತ್ರದಲ್ಲಿ ಬಿಳಿ ಗಡ್ಡ, ಕಾಲ ಬುಡದಲ್ಲಿ ಹಂದಿ. ಅವತ್ತು ಚರ್ಚಿನ ಅಂಗಳಕ್ಕೆ ನಾಯಿ, ಬೆಕ್ಕು, ಕುದುರೆ, ಕೋಳಿ, ಪಂಜರದ ಹಕ್ಕಿ ಎಲ್ಲಾ ಬರುತ್ತವೆ. ಪಾದ್ರಿಗಳು ತೀರ್ಥ ಚಿಮುಕಿಸುತ್ತಾರೆ. ರೋಮಿನಲ್ಲಿ ಸಂತ ಪೇತ್ರರ ಚೌಕದ ಎದುರಿಗೆ ರೈತರು ದನ, ಕುರಿ ತಂದು ನಿಲ್ಲಿಸುತ್ತಾರೆ. ಹಳ್ಳಿಗಳಲ್ಲಿ ರಾತ್ರಿ ದೊಡ್ಡ ಬೆಂಕಿ ಹಾಕುತ್ತಾರೆ. ಆ ರಾತ್ರಿ ಪ್ರಾಣಿಗಳು ಮಾತಾಡುತ್ತವೆ, ಮನುಷ್ಯರು ಕದ್ದು ಕೇಳಬಾರದು ಅಂತ ಹಳಬರ ನಂಬಿಕೆ. ಸುಮಾರು ಊರುಗಳಲ್ಲಿ ಕಾರ್ನಿವಲ್ ಶುರುವಾಯಿತು ಅನ್ನುವುದೂ ಈ ದಿನದಿಂದಲೇ. 2027ರಲ್ಲಿ 17 ಭಾನುವಾರ ಬಿದ್ದಿದೆ. ಇದೊಂದಕ್ಕೆ ಖಂಡಿತ ಕರೆದುಕೊಂಡು ಹೋಗಿ. ನಾಯಿಗೆ ಕಾಟ ಕೊಡುವಂಥದ್ದು ಅಲ್ಲಿ ಏನೂ ಇಲ್ಲ, ಅಂಗಳದ ತುಂಬಾ ಬೇರೆ ನಾಯಿಗಳು, ಎಲ್ಲರೂ ಅವರವರ ಪ್ರಾಣಿಯನ್ನು ಎತ್ತಿಕೊಂಡು ನಿಂತಿರುತ್ತಾರೆ.


ಕುಮಟಾ ವೆಟ್:

ನಾನು ಪಶುವೈದ್ಯ. ಚಳಿಯ ವಿಷಯಕ್ಕೆ ಮೊದಲು ಕಾಗದಪತ್ರ ಹೇಳುತ್ತೇನೆ, ಯಾಕೆಂದರೆ ನೀವು ಈಗ ಶುರು ಮಾಡದಿದ್ದರೆ ಜನವರಿಯೂ ತಪ್ಪಿಹೋಗುತ್ತದೆ.

ಮೊದಲು ಮೈಕ್ರೋಚಿಪ್ (ಚರ್ಮದ ಕೆಳಗೆ ಕೂರಿಸುವ ನಂಬರಿನ ಗುರುತು), ಆಮೇಲೆ ರೇಬೀಸ್ ಚುಚ್ಚುಮದ್ದು. ಈ ಕ್ರಮ ತಪ್ಪಬಾರದು. ಚಿಪ್ ಇಲ್ಲದಾಗ ಹಾಕಿಸಿದ ಚುಚ್ಚುಮದ್ದನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಚುಚ್ಚುಮದ್ದಾಗಿ ಕನಿಷ್ಠ 30 ದಿನ ಬಿಟ್ಟು ರಕ್ತ ತೆಗೆದು ಯುರೋಪಿಯನ್ ಒಕ್ಕೂಟ ಒಪ್ಪಿದ ಲ್ಯಾಬಿಗೆ ಕಳಿಸಬೇಕು. ರೇಬೀಸ್ ವಿರುದ್ಧದ ಶಕ್ತಿ ಪ್ರತಿ ಮಿಲಿಲೀಟರಿಗೆ 0.5 ಐಯು (ಅಂತರರಾಷ್ಟ್ರೀಯ ಅಳತೆ) ಅಥವಾ ಅದಕ್ಕಿಂತ ಹೆಚ್ಚು ಬರಬೇಕು. ಆ ರಕ್ತ ತೆಗೆದ ದಿನದಿಂದ ಮತ್ತೆ 3 ತಿಂಗಳು ಕಾಯಬೇಕು. ಅಂದರೆ ಎಲ್ಲಾ ಸುಸೂತ್ರ ನಡೆದರೂ ನಾಲ್ಕು ತಿಂಗಳು ಬೇಕೇ ಬೇಕು. ಕೊನೆಗೆ ಹೊರಡುವ ಮುಂಚೆ ಮುಂಬೈ ಅಥವಾ ಬೆಂಗಳೂರಿನಲ್ಲಿ ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೀನ್ ಕಚೇರಿಯಲ್ಲಿ ನಾಯಿಯನ್ನು ತೋರಿಸಿ ಆರೋಗ್ಯ ಪ್ರಮಾಣಪತ್ರ ಪಡೆಯಬೇಕು, ಅದು ಕೊಟ್ಟ 10 ದಿನದೊಳಗೆ ಅಲ್ಲಿ ಇಳಿದಿರಬೇಕು. ಅಲ್ಲಿ ಹೋದ ಮೇಲೆ ಸ್ಥಳೀಯ ನಾಯಿ ನೋಂದಣಿಯಲ್ಲಿ ಹೆಸರು ಹಾಕಿಸುವುದು ಕಡ್ಡಾಯ.

ಆಗಸ್ಟ್ ಮಧ್ಯದೊಳಗೆ ರಕ್ತ ತೆಗೆಸುವವರೆಗಿನ ಕೆಲಸ ಮುಗಿಸಿಕೊಂಡರೆ ಜನವರಿ ಬದಲು ನವೆಂಬರಿನಲ್ಲೇ ಕರೆದುಕೊಂಡು ಹೋಗಬಹುದು. ನನ್ನನ್ನು ಕೇಳಿದರೆ ಅದೇ ಒಳ್ಳೆಯದು. ಚಳಿ ಮೆಲ್ಲಗೆ ಏರುವಾಗ ನಾಯಿಯ ಮೈಯೂ ಮೆಲ್ಲಗೆ ಹೊಂದಿಕೊಳ್ಳುತ್ತದೆ, ಒಳಕೂದಲು ಸ್ವಲ್ಪವಾದರೂ ದಟ್ಟ ಆಗುತ್ತದೆ. ಕಾರವಾರದ ಸೆಕೆಯಿಂದ ಎತ್ತಿ ಸೀದಾ ಸೊನ್ನೆ ಡಿಗ್ರಿಗೆ ಇಳಿಸಿದರೆ ಪಾಪ ಕಷ್ಟ ಆಗುತ್ತದೆ.

ಚಳಿಯಲ್ಲಿ ನೋಡಬೇಕಾದ್ದು: ಗಿಡ್ಡ ಕೂದಲಿನ ನಾಯಿಗೆ ಹೊಟ್ಟೆಯ ಕೆಳಭಾಗವನ್ನೂ ಮುಚ್ಚುವ ಕೋಟು ಬೇಕು, ಬೆನ್ನಿಗೆ ಮಾತ್ರ ಇರುವುದು ಸಾಲದು. ಒಂದೇ ಸಲ ಉದ್ದ ತಿರುಗಾಟದ ಬದಲು ನಾಲ್ಕು ಸಲ ಚಿಕ್ಕದಾಗಿ ತಿರುಗಿಸಿ. ನಡುಗುವುದು, ಕಾಲೆತ್ತಿ ನಿಲ್ಲುವುದು, ಮನೆ ಕಡೆ ಎಳೆಯುವುದು ಕಂಡರೆ ತಕ್ಷಣ ವಾಪಸ್ ಬನ್ನಿ. ಹಿಮ ಬಿದ್ದಾಗ ರಸ್ತೆಗೆ ಉಪ್ಪು ಹಾಕುತ್ತಾರೆ. ಅದು ಕಾಲಿನ ಮೆತ್ತೆಯನ್ನು ಬಿರಿಸುತ್ತದೆ, ನಾಯಿ ನೆಕ್ಕಿದರೆ ಹೊಟ್ಟೆಯೂ ಕೆಡುತ್ತದೆ. ಮನೆಗೆ ಬಂದ ಕೂಡಲೇ ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ತೊಳೆದು ಬೆರಳ ಸಂದಿಯವರೆಗೆ ಒರೆಸಿ. ಇನ್ನೊಂದು ಬಹಳ ಮುಖ್ಯ. ಚಳಿ ದೇಶಗಳಲ್ಲಿ ಕಾರಿನ ರೇಡಿಯೇಟರಿಗೆ ನೀರು ಗಟ್ಟಿಯಾಗದ ಹಾಗೆ ಒಂದು ದ್ರವ ಹಾಕುತ್ತಾರೆ. ಅದು ಸಿಹಿ, ನಾಯಿ ನೆಕ್ಕುತ್ತದೆ, ಸ್ವಲ್ಪ ಒಳಗೆ ಹೋದರೂ ಕಿಡ್ನಿ ಹೋಗುತ್ತದೆ. ಪಾರ್ಕಿಂಗ್ ಜಾಗದಲ್ಲಿ ನೆಲ ಮೂಸಲು ಬಿಡಲೇಬೇಡಿ.


ಸುಗ್ಗಿ ತುರಾಯಿ:

ಅಂಕೋಲೆಯಿಂದ. ಇಟಲಿ ನೋಡಿದವನಲ್ಲ, ಆದರೆ ವೇಷ ಮತ್ತು ನಾಯಿ ಎರಡೂ ಗೊತ್ತು.

ಹೋಳಿ ಹೊತ್ತಿಗೆ ನಮ್ಮಲ್ಲಿ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಮೇಳ ಮನೆ ಮನೆಗೆ ಬರುತ್ತದೆ. ತಲೆ ಮೇಲೆ ಬೆಂಡಿನ ಹೂವಿನ ದೊಡ್ಡ ತುರಾಯಿ, ಕೈಯಲ್ಲಿ ಕೋಲು, ಗುಮಟೆಯ ಸದ್ದು. ನಮ್ಮ ಮನೆಯ ನಾಯಿಗೆ ಆ ಮೇಳದಲ್ಲಿ ಪರಿಚಯದವರೇ ಇರುತ್ತಾರೆ, ದಿನಾ ಬಾಲ ಅಲ್ಲಾಡಿಸುವುದು ಅವರಿಗೇ. ತುರಾಯಿ ಏರಿದ ಮೇಲೆ ಅದಕ್ಕೆ ಅವರ ಗುರುತೇ ಹತ್ತುವುದಿಲ್ಲ. ಅವರು ತುರಾಯಿ ಇಳಿಸಿ ಜಗಲಿ ಮೇಲೆ ಕೂತು ನೀರು ಕುಡಿಯುವಾಗ ಮೆಲ್ಲಗೆ ಹತ್ತಿರ ಬಂದು ಕೈ ಮೂಸುತ್ತದೆ, ಆಮೇಲೆ ಸರಿಯಾಗುತ್ತದೆ. ನಾಯಿ ಮನುಷ್ಯನ ಆಕಾರ, ನಡಿಗೆ, ಮುಖ ನೋಡಿ ಗುರುತು ಹಿಡಿಯುತ್ತದೆ. ಮೂರೂ ಬದಲಾದರೆ ಹೆದರಿಕೆ ಬರದೇ ಇರುತ್ತದೆಯೇ? ವೆನಿಸ್ಸಿನ ಆ ಉದ್ದ ಕೊಕ್ಕಿನ ಮುಖವಾಡ ಫೋಟೋದಲ್ಲಿ ನೋಡಿದ್ದೇನೆ. ಕೆಂಚನ ಎತ್ತರದಿಂದ ಅದು ಹೇಗೆ ಕಾಣಬಹುದು ಯೋಚಿಸಿ.

ಹಾಗಾಗಿ ಇಲ್ಲಿಂದಲೇ ರೂಢಿ ಮಾಡಿಸಿ. ಒಂದು ಕಾಗದದ ಮುಖವಾಡ ತಂದು ಮೊದಲು ನೆಲದ ಮೇಲೆ ಇಡಿ, ಅವನೇ ಬಂದು ಮೂಸಲಿ. ಮೂಸಿದಾಗ ಬೇಯಿಸಿದ ಬಂಗಡೆಯ ಚೂರು ಕೊಡಿ, ಮುಳ್ಳು ತೆಗೆದು. ನಾಲ್ಕು ದಿನ ಬಿಟ್ಟು ಕೈಯಲ್ಲಿ ಹಿಡಿದು ತೋರಿಸಿ, ಆಮೇಲೆ ಅರ್ಧ ಮುಖಕ್ಕೆ, ಮಾತಾಡುತ್ತಾ ಇರಿ. ಅವಸರ ಮಾಡಬೇಡಿ. ಡೋಲಿನ ಸದ್ದನ್ನೂ ಮೊಬೈಲಿನಲ್ಲಿ ಸಣ್ಣಗೆ ಹಾಕಿ, ದಿನ ಹೋದ ಹಾಗೆ ಏರಿಸಿ. ರೂಢಿ ಆಗಲಿ ಅಂತ ಗೋವಾ ಕಾರ್ನಿವಲ್‌ಗೆ ಕರೆದುಕೊಂಡು ಹೋಗುವ ಯೋಚನೆ ಯಾರಾದರೂ ಹೇಳಿದರೆ ಬೇಡ. ಆ ಬಿಸಿಲು, ಆ ಸ್ಪೀಕರ್ ಯಾವ ನಾಯಿಗೂ ಪಾಠ ಅಲ್ಲ, ಬರೀ ಹಿಂಸೆ.

ಮತ್ತೆ, ನಾಯಿಗೆ ವೇಷ ಹಾಕುವುದು ಬೇಡ ಅಂತ ನನ್ನ ಅಭಿಪ್ರಾಯ. ವೆಟ್ ಹೇಳಿದ ಬೆಚ್ಚನೆ ಕೋಟೇ ಸಾಕು. ಅಜ್ಜಿಗೆ ಬೇಜಾರಾಗದ ಹಾಗೆ ಆ ಕೋಟನ್ನೇ ಒಳ್ಳೆ ಬಣ್ಣದ್ದು ತನ್ನಿ.


ಕಾಳಿ ದಂಡೆ:

ಎಲ್ಲರಿಗೂ ಬಹಳ ಉಪಕಾರ ಆಯಿತು. ಚಿಪ್ ವಿಷಯ ನಮಗೆ ಇಲ್ಲಿ ಯಾರೂ ಹೇಳಿರಲಿಲ್ಲ, ನಾಳೆಯೇ ಹಾಕಿಸುತ್ತೇನೆ. ಜನವರಿ 17ರ ವಿಷಯ ಕೇಳಿ ಹೆಂಡತಿಗೆ ಕಣ್ಣಲ್ಲಿ ನೀರು ಬಂತು.

ಬನವಾಸಿ ರಸ್ತೆಯವರೇ, ಆದರೂ ಕಾರ್ನಿವಲ್ ಒಂದನ್ನಾದರೂ ಕೆಂಚನ ಜೊತೆ ನೋಡುವ ಆಸೆ ಇದೆ. ಹೆಂಡತಿ ವೆನಿಸ್ ಅನ್ನುತ್ತಾಳೆ. ಅವಳ ಆಫೀಸಿನವರು ಇವ್ರೆಯಾ ಎಂಬ ಊರಿನ ಕಿತ್ತಳೆ ಯುದ್ಧ ನೋಡಿ ಅಂದಿದ್ದಾರೆ. ಯಾವುದಕ್ಕೆ ಹೋಗಬಹುದು?


ಬನವಾಸಿ ರಸ್ತೆ:

ಇವ್ರೆಯಾ ಖಂಡಿತ ಬೇಡ, ಕೆಂಚ ಇರುವಾಗ. ಭಾನುವಾರದಿಂದ ಮಂಗಳವಾರದವರೆಗೆ ಮೂರು ದಿನ ಊರಿನ ಚೌಕಗಳಲ್ಲಿ ಕಿತ್ತಳೆ ಹಣ್ಣನ್ನು ಕಲ್ಲು ಬೀಸಿದ ಹಾಗೆ ಬೀಸುತ್ತಾರೆ. ಕುದುರೆ ಗಾಡಿಯ ಮೇಲಿನವರು ದುಷ್ಟ ದೊರೆಯ ಕಡೆಯವರು, ಕೆಳಗೆ ನಿಂತ ಒಂಬತ್ತು ತಂಡ ಜನರ ಕಡೆಯವರು. ನೋಡಲು ಬಂದವರು ಕೆಂಪು ಟೊಪ್ಪಿ ಹಾಕಿದ್ದರೆ ಬೇಕೆಂದೇ ಹೊಡೆಯುವುದಿಲ್ಲ. ನಾಯಿಗೆ ಆ ರಕ್ಷಣೆಯೂ ಇಲ್ಲ. ಸಂಜೆ ಹೊತ್ತಿಗೆ ರಸ್ತೆ ತುಂಬಾ ಕಿತ್ತಳೆ ರಾಡಿ, ಕುದುರೆ ಲದ್ದಿ, ಕಾಲಿಟ್ಟರೆ ಜಾರುತ್ತದೆ.

ಆದರೆ ನೀವಿಬ್ಬರೇ ಒಂದು ವರ್ಷ ಹೋಗಿ ನೋಡಲೇಬೇಕು. ಅದರ ಕಥೆ ಕೇಳಿದಾಗ ನನಗೆ ಶಿರಸಿಯೇ ಕಣ್ಣ ಮುಂದೆ ಬಂತು. ವಯೋಲೆತ್ತಾ ಎಂಬ ಗಿರಣಿಯವನ ಮಗಳು, ಮದುವೆಯ ರಾತ್ರಿ ತನ್ನ ಮೇಲೆ ಕೈ ಹಾಕಲು ಬಂದ ದೊರೆಯನ್ನೇ ಕೊಂದಳು, ಊರೇ ಎದ್ದು ನಿಂತಿತು. ನಮ್ಮ ಬೇಡರ ವೇಷದ ಹಿಂದೆ ಜನ ಹೇಳುವ ಕಥೆಯೂ ಹೆಚ್ಚುಕಡಿಮೆ ಹೀಗೇ ಅಲ್ವಾ? ಹೆಣ್ಣುಮಕ್ಕಳಿಗೆ ಕಾಟ ಕೊಡುತ್ತಿದ್ದ ಮಲ್ಲೇಶಿ, ಅವನನ್ನು ಬಗ್ಗಿಸಲು ಮುಂದೆ ಬಂದ ರುದ್ರಾಂಬಿಕೆ. ಹೋಳಿಯ ಕುಣಿತದಲ್ಲಿ ಅವಳು ಅವನ ಕಣ್ಣು ಕಳೆದಳು, ಜನ ಅವನನ್ನು ಹಗ್ಗ ಹಾಕಿ ಹಿಡಿದರು. ಮಾರಿ ಜಾತ್ರೆ ಇಲ್ಲದ ವರ್ಷ ಹೋಳಿಯ ಮುಂಚಿನ ರಾತ್ರಿಗಳಲ್ಲಿ ಶಿರಸಿ ಬೀದಿಯಲ್ಲಿ ನಿಂತವರಿಗೆ ಗೊತ್ತು, ಬೆನ್ನಿಗೆ ನವಿಲುಗರಿ ಕಟ್ಟಿ ಕತ್ತಿ ಗುರಾಣಿ ಹಿಡಿದ ಬೇಡ ಮುಂದೆ ನುಗ್ಗುತ್ತಾನೆ, ಹಗ್ಗ ಹಿಡಿದವರು ಹಿಂದಕ್ಕೆ ಎಳೆಯುತ್ತಾರೆ, ತಮಟೆ ಎದೆಗೇ ಬಡಿಯುತ್ತದೆ. ಸಮುದ್ರದಾಚೆಯ ಒಂದು ಊರು ಚಳಿ ಮುಗಿಯುವ ಇದೇ ಹೊತ್ತಿಗೆ ಇಂಥದೇ ಹೆಣ್ಣಿನ ಕಥೆಯನ್ನು ಬೀದಿಗೆ ತಂದು ಆಡುತ್ತದೆ ಅಂದರೆ ನನಗೆ ಈಗಲೂ ಮೈ ಜುಂ ಅನ್ನುತ್ತದೆ.

ವೆನಿಸ್ಸಿಗೆ ಹೋಗಬಹುದು, ಆದರೆ ಮೊದಲ ವಾರದ ಕೆಲಸದ ದಿನ ಬೆಳಿಗ್ಗೆ ಬೇಗ. ಗಾಡಿ ಇಲ್ಲದ ಊರು, ನಾಯಿಗೆ ಆ ನೆಮ್ಮದಿ ಇದೆ. ಕೊನೆಯ ಗುರುವಾರದಿಂದ ಮಂಗಳವಾರದವರೆಗೆ ಸಾನ್ ಮಾರ್ಕೋ ಚೌಕದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. 2027ರಲ್ಲಿ ಆ ಗುರುವಾರ ಫೆಬ್ರವರಿ 4, ಮಂಗಳವಾರ ಫೆಬ್ರವರಿ 9. ಮೆರ್ಲಾ ದಿನ, ಕಂದೆಲೋರಾ, ಕಾರ್ನಿವಲ್ ಮೂರೂ ಈ ಸಲ ಒಂದರ ಬೆನ್ನಿಗೆ ಒಂದು. ಹಬ್ಬ ಇಷ್ಟು ಬೇಗ ಬಿದ್ದರೆ ಚಳಿ ಪೂರ್ತಿ ಇರುತ್ತದೆ, ಕೋಟು ಮರೆಯಬೇಡಿ.

ನಾನಾದರೆ ಕರೆದುಕೊಂಡು ಹೋಗುವುದು ಸಾನ್ ಜೊವಾನ್ನಿ ಇನ್ ಪೆರ್ಸಿಚೆತೋ. ಬೊಲೊನ್ಯಾದಿಂದ ರೈಲಿನಲ್ಲಿ ಹತ್ತಿರ, ಸಣ್ಣ ಊರು, 1874ರಿಂದ ನಡೆದು ಬಂದ ಕಾರ್ನಿವಲ್. ಪ್ರತಿ ತೇರೂ ಚೌಕಕ್ಕೆ ಬಂದು ಎಲ್ಲರ ಕಣ್ಣೆದುರು ಬಿಚ್ಚಿಕೊಂಡು ಬೇರೆಯದೇ ರೂಪ ತಾಳುತ್ತದೆ. ವರ್ಷವಿಡೀ ಗುಟ್ಟಾಗಿ ಕಟ್ಟಿದ್ದು ಆ ಒಂದು ಗಳಿಗೆಯಲ್ಲಿ ತೆರೆಯುವುದನ್ನು ನೋಡುವುದೇ ಚೆಂದ. ಚೌಕದ ಮಧ್ಯ ಹೋಗಬೇಡಿ. ಅಡ್ಡ ರಸ್ತೆಯ ಬಾಯಲ್ಲಿ ನಿಂತರೆ ತೇರು ಕಾಣುತ್ತದೆ, ಕೆಂಚನಿಗೆ ಸಾಕಾಯಿತು ಅನಿಸಿದರೆ ಹಿಂದೆ ತಿರುಗಿ ನಡೆಯಬಹುದು. ಮಕ್ಕಳು ಕಾಗದದ ಚೂರು ಎರಚುತ್ತಾರೆ. ಮೊದಲೆಲ್ಲಾ ಸಕ್ಕರೆ ಲೇಪಿಸಿದ ಕೊತ್ತಂಬರಿ ಬೀಜ ಎರಚುತ್ತಿದ್ದರಂತೆ. ಕಾಗದ ಅಡ್ಡಿಲ್ಲ, ಸ್ಪ್ರೇ ನೊರೆ ಹಿಡಿದವರು ಕಂಡರೆ ದೂರ ಸರಿಯಿರಿ.

ರೈಲಿಗೆ ಬೆಲ್ಟು, ಬಾಯಿಬುಟ್ಟಿ (ಕಚ್ಚದ ಹಾಗೆ ಮೂತಿಗೆ ಹಾಕುವುದು) ಎರಡೂ ಬೇಕು, ನಾಯಿಗೆ ಅರ್ಧ ಟಿಕೆಟ್. ಲೋಕಲ್ ರೈಲಿನಲ್ಲಿ ಸೋಮವಾರದಿಂದ ಶುಕ್ರವಾರ ಬೆಳಿಗ್ಗೆ 7ರಿಂದ 9 ದೊಡ್ಡ ನಾಯಿಗೆ ಅವಕಾಶ ಇಲ್ಲ, ಕಾರ್ನಿವಲ್ ಭಾನುವಾರ ಆದ್ದರಿಂದ ಅದರ ಚಿಂತೆ ಬೇಡ. ಊರೊಳಗೆ ಬೆಲ್ಟು ಒಂದೂವರೆ ಮೀಟರಿಗಿಂತ ಉದ್ದ ಇರಬಾರದು ಅಂತ ನಿಯಮ.

ತಿಂಡಿಯ ಬಗ್ಗೆಯೂ ಹೇಳಬೇಕು. ಬೊಲೊನ್ಯಾದಲ್ಲಿ ಸ್ಫ್ರಾಪೊಲೆ ಅಂತ ಸಿಗುತ್ತದೆ, ಶಂಕರಪೋಳಿ ಹಿಟ್ಟನ್ನೇ ತೆಳ್ಳಗೆ ಲಟ್ಟಿಸಿ, ಪಟ್ಟಿ ಕೊಯ್ದು, ಕರಿದು, ಮೇಲೆ ಸಕ್ಕರೆ ಪುಡಿ ಉದುರಿಸಿದ ಹಾಗೆ. ಮಿಲಾನಿನಲ್ಲಿ ಅದೇ ಕ್ಯಾಕ್ಯೆರೆ, ರೋಮಿನಲ್ಲಿ ಫ್ರಾಪ್ಪೆ, ತೊಸ್ಕಾನಾದಲ್ಲಿ ಚೆಂಚಿ. ಅಜ್ಜಿ ಮನೆಯಲ್ಲೇ ಮಾಡುತ್ತಾರೆ, ನೋಡಿ. ಮಿಲಾನಿನವರು ಬೇರೆಯವರಿಗಿಂತ ನಾಲ್ಕು ದಿನ ಹೆಚ್ಚು ಹಬ್ಬ ಮಾಡುತ್ತಾರೆ, ಅಲ್ಲಿನ ಚರ್ಚಿನದು ಸಂತ ಅಂಬ್ರೋಜಿಯೋ ಪದ್ಧತಿ, ಶನಿವಾರದವರೆಗೆ. ಇಲ್ಲಿ ತಪ್ಪಿದರೆ ಅಲ್ಲಿಗೆ ಹೋಗಬಹುದು.


ಕುಮಟಾ ವೆಟ್:

ತಿಂಡಿಯ ಮಾತು ಬಂತಲ್ಲ, ಒಂದು ಸೇರಿಸುತ್ತೇನೆ. ವೆನಿಸ್ ಕಡೆ ಕಾರ್ನಿವಲ್‌ಗೆ ಮಾಡುವ ಕರಿದ ಉಂಡೆಯೊಳಗೆ ಒಣದ್ರಾಕ್ಷಿ ಇರುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕಲೇಟ್ ಮೂರೂ ನಾಯಿಗೆ ವಿಷ. ರಸ್ತೆಯಲ್ಲಿ ಬಿದ್ದದ್ದನ್ನು ಬಾಯಿ ಹಾಕುವ ಅಭ್ಯಾಸ ಕೆಂಚನಿಗೆ ಇದ್ದೇ ಇರುತ್ತದೆ, ಬಲೆ ಬದಿಯಲ್ಲಿ ಮೀನು ಹೆಕ್ಕಿ ಬೆಳೆದವನು. ಬುಟ್ಟಿಯಾಕಾರದ ಬಾಯಿಪಟ್ಟಿ ಈಗಲೇ ತಂದು ದಿನಾ ಸ್ವಲ್ಪ ಹೊತ್ತು ಹಾಕಿ ರೂಢಿ ಮಾಡಿಸಿ. ಮುಖವಾಡಕ್ಕೆ ಅಂಕೋಲೆಯವರು ಹೇಳಿದ ಕ್ರಮವೇ ಇದಕ್ಕೂ ಆಗುತ್ತದೆ, ಬಂಗಡೆ ಚೂರು ಬುಟ್ಟಿಯ ಒಳಗಿಟ್ಟು ಅವನೇ ಮೂತಿ ಹಾಕಲಿ. ನಾಳೆ ಚಿಪ್ ಹಾಕಿಸಿದ ಮೇಲೆ ಅದರ ನಂಬರನ್ನು ಸ್ಕ್ಯಾನರಿನಲ್ಲಿ ಓದಿಸಿ ನೋಡಿ, ಚುಚ್ಚುಮದ್ದಿನ ಪುಸ್ತಕದಲ್ಲಿ ಅದೇ ನಂಬರ್ ಬರೆಸಿಕೊಂಡೇ ಮನೆಗೆ ಬನ್ನಿ.